ಹಳದಿ ಸಾಲು

ಮನೆಯಿಂದ,
೧೪ನೇ ತಾರೀಖು, ಬುಧವಾರ, ಸಂಜೆ ಐದೂ ಮುಕ್ಕಾಲು

ಪ್ರೀತಿಯ ಅತ್ತಿಗೆ,

ಈಗಷ್ಟೇ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಕೂತಿದ್ದೇನೆ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಮೂರನೇ ಶೀತಕೋಣೆಯ ಬಾಗಿಲಿಗೆ ಹೊಸ ಒಳಹಿಡಿಕೆ ಕೂರಿಸಿದೆ. ಹನ್ನೊಂದೂ ಹತ್ತಕ್ಕೆ ಫೋನಿನಲ್ಲಿ ‘ಮುಗಿಯಿತು’ ಎಂದು ಒತ್ತಿದೆ. ಆಮೇಲೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ದಿನಚರಿಯಲ್ಲಿ ಇಷ್ಟು ಬರೆದು ಮುಚ್ಚಿಟ್ಟಿದ್ದೆ. ಆದರೆ ಇದು ನಿಮಗೆ ತಿಳಿಯಲೇಬೇಕು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಈ ಕಾಗದ; ರಾತ್ರಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ನಿಮ್ಮ ಮೈ ಹೇಗಿದೆ? ಮೊಣಕೈ ನೋವಿಗೆ ತೋರಿಸಿದಿರಾ? ನಿಮ್ಮಕ್ಕನ ಮನೆಯಲ್ಲಿ ಎರಡು ತುತ್ತಾದರೂ ಹೊಟ್ಟೆಗೆ ಇಳಿಯುತ್ತಿದೆಯೇ? ನಮ್ಮ ಪುಟ್ಟಿ ಬಟಾಣಿಯ ಮುಂದಿನ ಹಲ್ಲು ಬಿತ್ತೆಂದು ನಿಮ್ಮಕ್ಕ ಹೇಳಿದರು. ಅವಳಪ್ಪ ಇದ್ದಿದ್ದರೆ ಅವಳನ್ನು ‘ಅಜ್ಜಿ’ ಎಂದು ಕರೆದು ಅಳಿಸದೆ ಬಿಡುತ್ತಿರಲಿಲ್ಲ. ಇಲ್ಲಿ ನಾನು ಇದ್ದೇನೆ, ಅಷ್ಟೇ. ಅಣ್ಣ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ನಿಮ್ಮ ಮನೆಯ ಬೀಗದ ಕೈ ನನ್ನಲ್ಲೇ ಇದೆ. ದಿನ ಬಿಟ್ಟು ದಿನ ಹೋಗಿ ಕಿಟಕಿ ತೆಗೆದು ಬರುತ್ತೇನೆ.

ಶುಕ್ರವಾರ ನಮ್ಮ ಮ್ಯಾನೇಜರು ನಿಮ್ಮಲ್ಲಿಗೆ ಬರುತ್ತಾರೆ. ಅದೇ, ಯಾವಾಗಲೂ ಎಲ್ಲ ಕೆಲಸ ಮುಗಿದಿದೆ ಎನ್ನುತ್ತಾರೆಂದು ಅಣ್ಣ ‘ನೂರಕ್ಕೆ ನೂರು’ ಎಂದು ಹೆಸರಿಟ್ಟಿದ್ದನಲ್ಲ, ಅವರು. ಕೈಯಲ್ಲಿ ಒಂದು ವರದಿ ತರುತ್ತಾರೆ. ಮೃತನು ಆತುರದಿಂದ, ಬಾಗಿಲು ಮುಚ್ಚದಂತೆ ಮರದ ತುಂಡು ಕೊಡದೆ, ಒಬ್ಬನೇ ಒಳಗೆ ಹೋಗಿದ್ದೇ ಕಾರಣ, ಬಾಗಿಲಿನ ಪರೀಕ್ಷೆಯ ಕೆಲಸ ಯಾವುದೂ ತಪ್ಪಿಲ್ಲ ಎಂದು ಅದರಲ್ಲಿದೆ. ನೀವು ಒಪ್ಪಿ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು. ಮುಂದೆ ಬಟಾಣಿ ದೊಡ್ಡವಳಾಗಿ ಅಪ್ಪನಿಗೆ ಏನಾಯಿತು ಎಂದು ಕೇಳಿದರೆ ಉಳಿಯುವುದು ಆ ಕಾಗದ ಒಂದೇ. ನೀವೂ ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, “ಎಷ್ಟು ಸಲ ಬಡ್ಕೊಂಡೆ, ನಿಮ್ಮಣ್ಣಂಗೆ ಎಲ್ಲದರಲ್ಲೂ ಆತುರ” ಎಂದಿರಿ. ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಅತ್ತಿಗೆ, ಆ ಶೀತಕೋಣೆಗಳಲ್ಲಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ ಇರುತ್ತದೆ. ಬಾಗಿಲು ಮುಚ್ಚಿಕೊಂಡರೆ ಒಳಗಿನ ಹಿಡಿಕೆ ಒತ್ತಿ ಹೊರಗೆ ಬರಬೇಕು. ಹಿಡಿಕೆ ಕೈಕೊಟ್ಟರೆ ಪಕ್ಕದಲ್ಲಿ ಬೆಲ್ಲಿನ ಗುಂಡಿ ಇದೆ. ಇವೆರಡನ್ನೂ ಅಣ್ಣ ಪ್ರತಿ ತಿಂಗಳು ತಾನೇ ಒಳಗೆ ಹೋಗಿ ನೋಡುತ್ತಿದ್ದ, ನಾನು ಹೊರಗೆ ನಿಲ್ಲುತ್ತಿದ್ದೆ. ಬೆಲ್ಲು ಬಾರಿಸಿದಾಗ ನಾನು ಬೇಕೆಂದೇ “ಯಾರ್ರೀ ಅದು? ಮನೇಲಿ ಯಾರೂ ಇಲ್ಲ” ಎನ್ನುತ್ತಿದ್ದೆ. “ಬಾಗಿಲು ತೆಗಿಯೋ ಕತ್ತೆ, ಮೂಗು ಉದುರಿ ಹೋಗತ್ತೆ!” ಎಂದು ಅವನು ಒಳಗಿನಿಂದ ಕೂಗುತ್ತಿದ್ದ. ಗೋಡೆಯ ಮೇಲೆ ಒಂದು ಹಲಗೆ ಇತ್ತು, ಒಂದನೇ ತಾರೀಖು ಬಂತೆಂದರೆ ಅದರ ಮೇಲೆ ಸೀಮೆಸುಣ್ಣದಲ್ಲಿ ತಾನೇ ಬರೆಯುತ್ತಿದ್ದ. ಬೇರೆ ಯಾರೂ ಹೇಳಬೇಕಿರಲಿಲ್ಲ.

ಹೋದ ವರ್ಷ ಕಂಪ್ಯೂಟರಿನ ಯೋಜನೆ ಬಂತು. ಪ್ಲಾನಿಂಗ್ ಮೇಡಮ್ಮು ನಮ್ಮಿಬ್ಬರನ್ನು ಕೂರಿಸಿಕೊಂಡು, ತಲೆಯಲ್ಲಿದ್ದ ಕೆಲಸಗಳನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ಒಳ್ಳೆಯ ಹೆಂಗಸು, ಕೆಟ್ಟವರೆನ್ನಲಾರೆ. “ಇನ್ನು ನೀವು ಏನೂ ನೆನಪಿಟ್ಕೋಬೇಕಾಗಿಲ್ಲ. ಒಂದು ಕೆಲಸ ಮುಗೀತು ಅಂತ ಫೋನಲ್ಲಿ ಒತ್ತಿ, ಮೂವತ್ತು ದಿನಕ್ಕೆ ಮುಂದಿನದು ತಾನಾಗೇ ಬರುತ್ತೆ” ಎಂದರು. ಹಲಗೆ ಇಳಿಸಿದರು. ಅಣ್ಣ ಮನೆಗೆ ಬಂದು ನಿಮ್ಮ ಮುಂದೆ, “ತಲೆಗೆ ರಜಾ ಕೊಟ್ಬಿಟ್ರು ಕಣೇ” ಎಂದು ನಕ್ಕಿದ್ದು ನೆನಪಿದೆಯೇ?

ಒಂದು ತಿಂಗಳು ಅಣ್ಣನಿಗೆ, ಒಂದು ತಿಂಗಳು ನನಗೆ ಬರುತ್ತಿದ್ದ ಆ ಪರೀಕ್ಷೆಯ ಕೆಲಸ ಐದು ತಿಂಗಳ ಹಿಂದೆ ನನ್ನ ಹೆಸರಿಗೆ ಬಂತು. ಬೆಲ್ಲು ಸರಿಯಿತ್ತು. ಹಿಡಿಕೆಯ ಸ್ಪ್ರಿಂಗು ಬಿಗಿಯಾಗಿತ್ತು, ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುತ್ತಿತ್ತು. ಹೊಸ ಹಿಡಿಕೆ ಬೇಕೆಂದು ಬರೆದೆ. ಅದು ಬರುವವರೆಗೆ ಕೆಲಸ ಮುಗಿದಂತಲ್ಲವಲ್ಲ, ‘ಸಾಮಾನಿಗೆ ಕಾಯುತ್ತಿದೆ’ ಎಂದು ಇಟ್ಟೆ. ಸಾಲು ಹಳದಿಯಾಯಿತು. ಹಾಗೆ ಇಟ್ಟದ್ದು ತಡವಾದ ಕೆಲಸದಂತೆ ಕೆಂಪಾಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಉಳಿದವರು ಮಾಡದ ಕೆಲಸಕ್ಕೂ ‘ಮುಗಿಯಿತು’ ಒತ್ತಿ ಮನೆಗೆ ಹೋಗುತ್ತಿದ್ದರು. ನಾನು ಹಾಗಲ್ಲ ಎಂಬ ಹೆಮ್ಮೆ ನನಗೆ.

ಸಾಮಾನು ಬರಲಿಲ್ಲ. ಮುಂದಿನ ತಿಂಗಳು ಪರೀಕ್ಷೆ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಅಣ್ಣ ಒಮ್ಮೆ ಚಹಾ ಕುಡಿಯುತ್ತ, “ಏನೋ, ಬೆಲ್ಲಿನ ಕೆಲಸ ಈಗೀಗ ಬರ್ತಾನೇ ಇಲ್ವಲ್ಲ?” ಎಂದ. “ಬಂದಾಗ ಮಾಡಿದ್ರಾಯ್ತು ಬಿಡು, ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೋತೀಯ” ಎಂದೆ. ನಾನೇ ಅಂದದ್ದು. ಅವನು ಲೋಟ ಇಟ್ಟು ಎದ್ದು ಹೋದ.

ಅವತ್ತು ಮಧ್ಯಾಹ್ನ ಎಲ್ಲರೂ ಹಿಂದುಗಡೆ ಲಾರಿ ಇಳಿಸುತ್ತಿದ್ದರು, ನಾನು ಮೇಲಿನ ಮಹಡಿಯಲ್ಲಿ ಕಂಪ್ರೆಸರಿನ ಹತ್ತಿರ ಇದ್ದೆ. ಅಣ್ಣ ಮರದ ತುಂಡು ಕೊಟ್ಟೇ ಒಳಗೆ ಹೋಗಿದ್ದ. ಕೈಗಾಡಿ ತಗುಲಿ ಅದು ಜಾರಿ ಬಾಗಿಲು ಮುಚ್ಚಿಕೊಂಡಿದೆ; ತುಂಡು ಹೊರಗಿನ ಓಣಿಯ ಆ ತುದಿಯಲ್ಲಿ ಬಿದ್ದಿತ್ತು, ನಾನೇ ಎತ್ತಿಟ್ಟಿದ್ದೇನೆ. ಹಿಡಿಕೆ ಮಂಜು ಹಿಡಿದು ಕಲ್ಲಾಗಿತ್ತು. ಬೆಲ್ಲು ಬಾರಿಸಿದ್ದಾನೆ, ಗುಂಡಿಯ ಪ್ಲಾಸ್ಟಿಕ್ಕು ಒಡೆಯುವಷ್ಟು ಒತ್ತಿದ್ದಾನೆ. ತಂತಿ ಎಂದೋ ತುಂಡಾಗಿತ್ತು. ಎರಡೂವರೆ ಗಂಟೆ ಹೊತ್ತು ಒಳಗೇ ಇದ್ದ. ಹೆಚ್ಚು ಬರೆಯಲಾರೆ.

ಮೊನ್ನೆ ಹೊಸ ಹಿಡಿಕೆ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ನೂರಕ್ಕೆ ನೂರು ಬಂದು, “ಆ ಒಂದು ಹಳದಿ ಸಾಲು ಬಾಕಿ ಉಳ್ಕೊಂಡಿದೆಯಪ್ಪ, ಮುಗಿಸಿಬಿಡು, ಪಟ್ಟಿ ಸ್ವಚ್ಛ ಆಗಲಿ” ಎಂದರು. ಇವತ್ತು ಕೂರಿಸಿದೆ, ಒತ್ತಿದೆ. ಒತ್ತಿದ ಕ್ಷಣವೇ ಕೆಳಗೆ ಹೊಸ ಸಾಲೊಂದು ಹುಟ್ಟಿತು: ಮೂರನೇ ಕೋಣೆ, ಹಿಡಿಕೆ ಮತ್ತು ಬೆಲ್ಲಿನ ಪರೀಕ್ಷೆ, ಮೂವತ್ತು ದಿನಕ್ಕೆ. ಮಾಡಬೇಕಾದವರು ಎಂಬಲ್ಲಿ ಅಣ್ಣನ ಹೆಸರು.

ಆಗ ತಿಳಿಯಿತು. ಅದು ಐದು ತಿಂಗಳಿಂದ ನನ್ನ ಒಂದು ಬೆರಳಿಗೆ ಕಾದಿತ್ತು. ಮೇಡಮ್ಮು ‘ಪ್ರತಿ ಒಂದನೇ ತಾರೀಖು’ ಎಂದು ಇಟ್ಟಿದ್ದರೆ ತಾನಾಗಿ ಬರುತ್ತಿತ್ತು. ಅವರು ‘ಮುಗಿದ ಮೂವತ್ತು ದಿನಕ್ಕೆ’ ಎಂದು ಇಟ್ಟಿದ್ದರು, ನಾನು ಮುಗಿಸಲಿಲ್ಲ. ಎಲ್ಲರಂತೆ ಒಂದು ಸುಳ್ಳು ಒತ್ತಿದ್ದರೆ ಮುಂದಿನ ಪರೀಕ್ಷೆ ಬರುತ್ತಿತ್ತು, ಅಣ್ಣ ಒಳಗೆ ನಿಂತು ಬೆಲ್ಲು ಒತ್ತುತ್ತಿದ್ದ, ಸತ್ತ ಬೆಲ್ಲು ಅವತ್ತೇ ಸಿಕ್ಕಿಬೀಳುತ್ತಿತ್ತು. ಹುಟ್ಟದ ಕೆಲಸ ತಪ್ಪಿತು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ ನೋಡಿ. ಅದಕ್ಕೇ ಅವರ ಲೆಕ್ಕ ನೂರಕ್ಕೆ ನೂರು, ತಪ್ಪೆಲ್ಲ ಸತ್ತವನ ತಲೆಗೆ. ಮೇಡಮ್ಮಿಗೆ ತೋರಿಸಿದೆ. ಅವರು ಆ ಸಾಲನ್ನು ಎರಡು ಸಲ ಓದಿ, “ಇದನ್ನ ನಾನು ಯೋಚನೆ ಮಾಡಿರಲಿಲ್ಲ” ಎಂದು ಕನ್ನಡಕ ತೆಗೆದಿಟ್ಟರು. ಮ್ಯಾನೇಜರು, “ಈಗ ಸರಿಯಾಯ್ತಲ್ಲ, ಬಿಡಿ” ಎಂದರು.

ಅಣ್ಣ ಆತುರಗಾರನಲ್ಲ ಅತ್ತಿಗೆ. ನೀವು ನನ್ನನ್ನು ಎಷ್ಟು ಬೈದರೂ ಬೈಯಿರಿ, ಮನೆಗೆ ಸೇರಿಸದಿದ್ದರೂ ಸರಿ, ಅವನನ್ನು ಮಾತ್ರ ಬೈಯಬೇಡಿ. ಆ ಕಾಗದಕ್ಕೆ ಸಹಿ ಹಾಕಬೇಡಿ.

ನಿಮ್ಮಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ. ಬಟಾಣಿ ನೂರು ವರ್ಷ ಬಾಳಲಿ, ಬಾಯಿ ತುಂಬ ಹೊಸ ಹಲ್ಲು ಬರಲಿ. ವೇಳೆಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಮೈದುನ

ಮತ್ತೆ: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಕೈ ಬರಲಿಲ್ಲ. ಆ ವರದಿಯ ಕೆಳಗೆ ಸಾಕ್ಷಿಯ ಜಾಗದಲ್ಲಿ ಒಂದು ಸಹಿ ಇದೆ. ಅದು ನನ್ನದು. ಅಣ್ಣ ಹೋದ ನಾಲ್ಕನೇ ದಿನ ಕೇಳಿದರು, ಯಾವ ಕೆಲಸವೂ ತಪ್ಪಿಲ್ಲ ಎಂದು ಪಟ್ಟಿ ತೋರಿಸಿದರು. ನಾನೂ ನಂಬಿದೆ, ಹಾಕಿದೆ. ಮರದ ತುಂಡಿನ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆ, ಹಳದಿ ಸಾಲು ನನ್ನದೆಂದು ಬರೆದುಕೊಡುತ್ತೇನೆ. ರಜೆ ಕೇಳಿಲ್ಲ, ಕೇಳಿದರೆ ಕೊಡುವುದಿಲ್ಲ. ಕಾರ್ಖಾನೆ ತನಿಖಾಧಿಕಾರಿಯ ಕಚೇರಿ ನಾಳೆ ಹತ್ತು ಗಂಟೆಗೆ ತೆರೆಯುತ್ತದೆ.