ನೆಲ ಒರೆಸಿದ ನೀರು

ಮನೆಯಿಂದ,
ಹನ್ನೆರಡನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ನರ್ಸಿಂಗ್ ತರಬೇತಿಯಲ್ಲಿ ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಬರೆದಿದ್ದೆ. ಮಲಗುವ ಮುಂಚೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಿಟ್ಟುಕೋ. ಊರಿನ ರೋಗಿಗಳಿಗೆಲ್ಲ ಬುದ್ಧಿ ಹೇಳುವವಳು ಅಮ್ಮನ ಮಾತನ್ನೂ ಸ್ವಲ್ಪ ಕೇಳು. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದು ನನ್ನ ಜೊತೆಗೇ ಹೋಗುವುದು. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ನಿನ್ನ ಸಮಾಧಾನಕ್ಕೆ ಬರೆದ ಮಾತಲ್ಲ ಇದು, ನಿಜವಾಗಿಯೂ ಚೆನ್ನಾಗಿದ್ದಾಳೆ.

ನಿನ್ನ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ. ‘ನನ್ನ ಮಗು ನೀರು ಕುಡೀದೆ ಒಣಗ್ತಿದ್ರೆ ನಾನಿಲ್ಲಿ ಯಾರ ಸೇವೆ ಮಾಡ್ಲಿ, ತಿಂಗಳ ಕೊನೆಗೆ ಎಲ್ಲಾ ಬಿಟ್ಟು ಬರ್ತೀನಿ’ ಎಂದಿದ್ದೆ. ನಿನ್ನದು ತಪ್ಪಲ್ಲ. ಕೆಟ್ಟ ನೀರಿನಿಂದ ಕಾಮಾಲೆ ಬಂದು ಮಲಗಿದ್ದ ಗುಬ್ಬಿ ಎದ್ದ ಮೇಲೂ ನೀರನ್ನು ನಂಬಲಿಲ್ಲ ನೋಡು. ಮನೆಯಲ್ಲಿ ಕಣ್ಣೆದುರೇ ಕುದಿಸಿಕೊಟ್ಟರೆ ನನ್ನ ಕಾಟಕ್ಕೆ ನಾಲ್ಕು ಗುಟುಕು, ಶಾಲೆಯಲ್ಲಿ ಒಂದು ಹನಿಯೂ ಇಲ್ಲ. ಮೊದಮೊದಲು ಬಾಟಲಿ ಖಾಲಿಯಾಗಿ ಬರುತ್ತಿತ್ತು ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ವರಾಂಡದಲ್ಲಿ ಅವಳ ತರಗತಿಯ ಬಾಗಿಲ ಪಕ್ಕದ ಕುಂಡದ ಗಿಡ ಮಾತ್ರ ಅಷ್ಟೊಂದು ಸೊಂಪಾಗಿ ಬೆಳೆದದ್ದೇಕೆ ಎಂದು ಆಮೇಲೆ ತಿಳಿಯಿತು. ಹಿಡಿದು ಕೇಳಿದರೆ, ‘ಒಂದ್ಸಲ ಕೊಳೆಯಾದ ನೀರು ಕೊಳೇನೇ ಅಜ್ಜಿ, ಕುದಿಸಿದ್ರೆ ಬಿಸಿ ಕೊಳೆ’ ಎಂದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಥೇಟ್ ನೀನೇ. ಅಂದಿನಿಂದ ಬಾಟಲಿ ತುಂಬಿಕೊಂಡೇ ವಾಪಸು ಬರತೊಡಗಿತು.

ಈಗ ನನ್ನ ಘನಂದಾರಿ ಕೆಲಸ ಕೇಳು. ಕಳೆದ ವಾರ ಬುಧವಾರ ಮಕ್ಕಳು ಊಟಕ್ಕೆ ಹೋದಾಗ ಎಂದಿನಂತೆ ಗುಬ್ಬಿಯ ತರಗತಿ ಗುಡಿಸಲು ಹೋದೆ. ಕಿಟಕಿಯ ಬಿಸಿಲಲ್ಲಿ ಒಂದು ಬೋಗುಣಿ, ಅದರಲ್ಲಿ ಕೆಸರು ನೀರು, ನಡುವೆ ಒಂದು ಲೋಟ, ಮೇಲೆ ಬಿಗಿದ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೊಂದು ಕಲ್ಲು. ಇಪ್ಪತ್ತು ವರ್ಷದಿಂದ ಆ ಶಾಲೆಯ ಕೊಳೆ ತೆಗೆದ ಕೈ ಸುಮ್ಮನಿರುತ್ತದೆಯೇ? ನೀರು ಚೆಲ್ಲಿ, ಬೋಗುಣಿ ಫಳಫಳ ಎನ್ನುವ ಹಾಗೆ ತಿಕ್ಕಿ ಬೋರಲು ಹಾಕಿ ಬಂದೆ. ಮಕ್ಕಳು ಬಂದು ನೋಡಿ ಗೊಳೋ ಎಂದವು. ಅದು ವಿಜ್ಞಾನದ ಪ್ರಯೋಗವಂತೆ! ನೀರು ಆವಿಯಾಗಿ ಮೋಡ ಸೇರಿ ಮಳೆಯಾಗುವಾಗ ಹೇಗೆ ಶುದ್ಧವಾಗುತ್ತದೆ ಎಂದು ತೋರಿಸಲು ಟೀಚರ್ ಬೆಳಿಗ್ಗೆಯೇ ಇಟ್ಟಿದ್ದರಂತೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಟೀಚರ್ ಚಿಕ್ಕ ವಯಸ್ಸಿನವರಾದರೂ ಒಳ್ಳೆಯವರು, ಬೈಯಲಿಲ್ಲ. ‘ಚೆಲ್ಲಿದವರೇ ತುಂಬಿಸ್ಬೇಕು ಅಮ್ಮಾ, ನೀವು ನೆಲ ಒರೆಸಿದ ನೀರೇ ಕೊಡಿ’ ಎಂದು ನಕ್ಕರು. ಮರುದಿನ ಬೆಳಿಗ್ಗೆ ಫಿನಾಯಿಲ್ ಹಾಕದೆ ಇಡೀ ವರಾಂಡ ಒರೆಸಿ ಬಕೆಟ್ಟಿನ ಕರೀ ನೀರು ಕೊಂಡೊಯ್ದೆ. ಅದು ಎಂಥ ನೀರೆಂದು ಗುಬ್ಬಿಗೆ ಯಾರೂ ಹೇಳಬೇಕಾಗಿರಲಿಲ್ಲ, ಬಕೆಟ್ಟಿನ ಇನ್ನೊಂದು ಕಡೆ ಹಿಡಿದಿದ್ದವಳು ಅವಳೇ. ಆ ದಿನ ಕೆಲಸದ ನಡುವೆ ಹತ್ತು ಸಲ ಇಣುಕಿದ್ದೇನೆ. ಮೂರನೇ ಪೀರಿಯಡ್ಡಿಗೆ ಹಾಳೆಯ ಒಳಗೆಲ್ಲ ಬೆವರು. ಕಲ್ಲಿನ ಭಾರಕ್ಕೆ ತಗ್ಗಿದ ಕಡೆ ಹನಿಗಳು ಜಾರಿ ಒಂದೊಂದಾಗಿ ಲೋಟಕ್ಕೆ ಬಿದ್ದವು. ಸಂಜೆಯ ಹೊತ್ತಿಗೆ ಎರಡು ಚಮಚ ಆಗಿತ್ತು. ‘ಇದು ನೋಡೋಕೆ, ಕುಡಿಯೋಕಲ್ಲ’ ಎಂದು ಟೀಚರ್ ಲೋಟವನ್ನು ಗುಬ್ಬಿಯ ಕೈಗೇ ಕೊಟ್ಟರು. ಅವಳು ಬೆಳಕಿಗೆ ಹಿಡಿದು ನೋಡಿದಳು, ಬೋಗುಣಿಯ ತಳ ನೋಡಿದಳು, ಮತ್ತೆ ಲೋಟ ನೋಡಿದಳು. ‘ಅಜ್ಜಿ, ಕೊಳೆ ಅಲ್ಲೇ ಕೂತಿದೆ. ನೀರು ಅದನ್ನ ಬಿಟ್ಟು ಬಂದ್ಬಿಟ್ಟಿದೆ’ ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಒರೆಸುವ ಬಟ್ಟೆ ಹುಡುಕುವವಳ ಹಾಗೆ ಆಚೆ ಬಂದೆ.

ನಿನ್ನ ಜೊತೆ ಕಲಿಯುವ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ನಿನ್ನ ಕೈಗುಣದಿಂದ ನೂರು ಜನ ಹಾಸಿಗೆ ಬಿಟ್ಟು ಎದ್ದು ಓಡಾಡಲಿ.

ಇತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು, ಅಸಲು ವಿಷಯವೇ ಬರೆದಿಲ್ಲ. ಈ ವಾರವೆಲ್ಲ ಬಾಟಲಿ ಖಾಲಿಯಾಗಿ ಬರುತ್ತಿದೆ. ನಾನೇನು ಸುಮ್ಮನೆ ನಂಬುವವಳೇ? ದಿನಾ ಹೋಗಿ ಆ ಕುಂಡದ ಮಣ್ಣಿಗೆ ಬೆರಳಿಟ್ಟು ನೋಡಿದೆ. ಒಣಗಿ ಬಿರುಕು ಬಿಟ್ಟಿದೆ, ಗಿಡ ತಲೆ ಜೋತುಹಾಕಿಕೊಂಡು ನಿಂತಿದೆ. ಹೋದ ಜೀವ ಬಂದಂತಾಯಿತು ಮಗಳೇ. ನೀನು ಬರಬೇಡ, ಪರೀಕ್ಷೆ ಮುಗಿಸು. ಗಿಡಕ್ಕೆ ಇನ್ನು ಮೇಲೆ ನಾನೇ ನೀರು ಹಾಕುತ್ತೇನೆ.