ಅಳೆದು ಕೊಟ್ಟ ನೀರು

ಅತ್ತೆ,

ನಿಮ್ಮ ಶಿವಗಣಾರಾಧನೆಯ ದಿನ ಪಕ್ಕದ ಮನೆ ಗೌರಮ್ಮ ನಿಮ್ಮ ಫೋಟೋದ ಮುಂದೆ ಎಳನೀರೊಂದನ್ನು ಕೊಚ್ಚಿ ಇಟ್ಟು, ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಈಗ್ಲಾದ್ರೂ ಹೊಟ್ಟೆ ತುಂಬ ಕುಡೀಲಿ ಬುಡಿ. ಬದುಕಿದ್ದಾಗ ಗುಟುಕು ನೀರಿಗೂ ಬಾಯ್ ಬಾಯ್ ಬುಟ್ಟು ಹೋದ್ರು." ನನ್ನ ಕೈಯಲ್ಲಿ ಪಾಯಸದ ಬಕೆಟ್ ಇತ್ತು. ಅವಳ ತಲೆಯ ಮೇಲೆ ಸುರಿದುಬಿಡೋಣ ಅನ್ನಿಸಿತು. ಸುರಿಯಲಿಲ್ಲ, ಅವಳ ಎಲೆಗೇ ಎರಡು ಸೌಟು ಬಡಿಸಿದೆ. ಅತ್ತೆಗೆ ನೀರು ಕೊಡದೆ ಸಾಯಿಸಿದವಳು ಅಂತ ದಂಡಿನಶಿವರದ ತುಂಬ ನನಗೆ ಹೆಸರು. ಆ ಹೆಸರು ಹಬ್ಬಿಸಿದವರು ನೀವು. ಇಷ್ಟು ದಿನ ತಡೆದುಕೊಂಡೆ, ಇನ್ನು ಆಗುವುದಿಲ್ಲ.

ತಿಪಟೂರಿನ ಆಸ್ಪತ್ರೆಯಿಂದ ನಿಮ್ಮನ್ನು ಮೊದಲ ಸಲ ಕರೆತಂದದ್ದು ನೆನಪಿದೆಯೇ? ಹೃದಯದ ಪಂಪಿಂಗ್ ಕಡಿಮೆಯಾಗಿದೆ, ಪೂರ್ತಿ ವಾಸಿಯಾಗುವುದಿಲ್ಲ, ಜೋಪಾನವಾಗಿ ನೋಡಿಕೊಳ್ಳಬೇಕು ಅಂದಿದ್ದರು ಡಾಕ್ಟರು. ಉಪ್ಪು ಕಡಿಮೆ, ಬೆಳಿಗ್ಗೆ ಎದ್ದರೆ ಮೈಯ ನೀರು ಇಳಿಸುವ ಮಾತ್ರೆ, ದಿನಕ್ಕೆ ಒಂದೂಕಾಲು ಲೀಟರ್ ನೀರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರಲ್ಲೇ ಸೇರಬೇಕು. ಎಳನೀರಿನ ಮಾತು ಅವರು ಎತ್ತಲಿಲ್ಲ, ನಾವು ಕೇಳಲಿಲ್ಲ. ನಮ್ಮ ಕಡೆ ಎಳನೀರನ್ನು ಯಾರು ನೀರಿನ ಜೊತೆ ಸೇರಿಸಿ ನೋಡುತ್ತಾರೆ? ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಬಾರದು ಅಂತ ಬಂದವರೆಲ್ಲ ಎರಡೆರಡು ತಂದರು. ದಿನಕ್ಕೆ ಮೂರು, ನಾಲ್ಕು, ನಾನೇ ಕೊಚ್ಚಿ ಕೊಟ್ಟೆ. ವಾರದೊಳಗೆ ಕಾಲು ಊದಿತು, ಮಲಗಿದರೆ ಉಸಿರು ಕಟ್ಟತೊಡಗಿತು, ಮತ್ತೆ ಅದೇ ಆಸ್ಪತ್ರೆ. "ಎಳನೀರಾ? ಅಯ್ಯೋ, ಮುಟ್ಟಲೇಬೇಡಿ. ಅದರಲ್ಲಿರೋ ಪೊಟ್ಯಾಸಿಯಂ ಈ ಮಾತ್ರೆ ಜೊತೆ ಸೇರಿ ಹೆಚ್ಚಾದ್ರೆ ಹೃದಯಾನೇ ನಿಂತುಹೋಗಬಹುದು" ಅಂದರು ಡಾಕ್ಟರು. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಆಮೇಲೆ ನಡೆದದ್ದು...

ಕೊಬ್ಬರಿ ಚೀಲ ತೂಗುವ ಮೆಷಿನ್ನಿನ ಮೇಲೆ ದಿನಾ ಬೆಳಿಗ್ಗೆ ನಿಮ್ಮನ್ನು ನಿಲ್ಲಿಸುತ್ತಿದ್ದೆ. ತೂಕ ದಿಢೀರನೆ ಏರಿದರೆ ಮೈಯಲ್ಲಿ ನೀರು ನಿಂತಿದೆ ಅಂತ ತಿಳಿದುಕೊಳ್ಳಿ ಎಂದು ಹೇಳಿಕೊಟ್ಟಿದ್ದರು. "ನಾನೇನು ಕೊಬ್ರಿ ಮೂಟೇನೇ? ಹರಾಜಿಗೆ ಹಾಕ್ತೀಯೇನೇ?" ಅಂತ ರೇಗುತ್ತಿದ್ದಿರಿ. ಒಂದು ದಿನ ಎರಡು ಕೆಜಿ ಹೆಚ್ಚು ತೋರಿಸಿತು. ಹಿತ್ತಿಲಿಗೆ ಹೋಗಿ ಒಣಗಿದ ಗರಿಗಳನ್ನು ಎತ್ತಿದರೆ ಕೆಳಗೆ ಆರು ಎಳನೀರಿನ ಬುರುಡೆ! ಗೌರಮ್ಮ ಹುಲ್ಲಿನ ಹೊರೆಯಲ್ಲಿ ಅಡಗಿಸಿ ತರುತ್ತಿದ್ದಳಂತೆ. ಕೇಳಿದ್ದಕ್ಕೆ ನೀವು ಏನಂದಿರಿ? "ಎಳ್ನೀರು ಕುಡ್ದು ಯಾರಾದ್ರೂ ಸತ್ತಿದ್ದು ಕಂಡಿದ್ದೀಯೇನೇ? ಈ ತೋಟಕ್ಕೆ ನೀರು ಹೊತ್ತೋಳು ನಾನು. ಬೇಡ ಅನ್ನಾಕೆ ನೀನ್ಯಾವಳೇ?" ನಿಮ್ಮ ಮಗ ಅಲ್ಲೇ ಕೂತಿದ್ದರು. "ಹೋಗ್ಲಿ ಬುಡು, ವಯಸ್ಸಾದೋರು" ಅಂತ ನನಗೇ ಬುದ್ಧಿ ಹೇಳಿದರು. ಮೂರು ದಿನಕ್ಕೆ ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗ ನಿಮ್ಮ ಗೌರಮ್ಮ ಎಲ್ಲಿದ್ದಳು?

ಅಡುಗೆಮನೆಯಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ. ಇಡೀ ತೋಟ ಸುತ್ತುತ್ತಿದ್ದ ನೀವು ಆ ಹನ್ನೆರಡು ಹೆಜ್ಜೆಯಲ್ಲಿ ಎರಡು ಸಲ ಕೂರುತ್ತಿದ್ದಿರಿ. ಸೀರೆ ಉಡಿಸಿದವಳು ನಾನು, ಊದಿದ ಕಾಲಿನ ಉಗುರು ಕತ್ತರಿಸಿದವಳು ನಾನು, ಗೋಡೆಗೆ ದಿಂಬು ಒಟ್ಟಿ ಕೂತೇ ನಿದ್ದೆ ಮಾಡಿಸಿದವಳೂ ನಾನು. ಉಗುರು ಕತ್ತರಿಸುವಾಗ ಸುಮ್ಮನಿದ್ದು, ಜಗಲಿಗೆ ಯಾರಾದರೂ ಬಂದರೆ ಸಾಕು, ಒಣಗಿದ ನಾಲಿಗೆ ಚಾಚಿ ತೋರಿಸುತ್ತಿದ್ದಿರಿ. "ನೋಡಮ್ಮ, ಔಷಧಿ ಅಳೆದಂಗೆ ನೀರು ಅಳೀತಾಳೆ." ಒಂದು ದಿನವಾದರೂ, ಇವಳಿಂದ ನಾನು ಇಷ್ಟು ದಿನ ಇದ್ದೀನಿ ಅಂತ ಒಬ್ಬರ ಹತ್ತಿರ ಹೇಳಿದಿರಾ? ನಿಮ್ಮ ಸಂಕಟ ನನಗೆ ಕಾಣುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಿಮ್ಮನ್ನು ಕಂಡರೆ ಮೈ ಉರಿಯುತ್ತಿತ್ತು.

ಕೊನೆಯ ಸಲ ಡಾಕ್ಟರಿಗೆ ತೋರಿಸಿದ ದಿನ, ನಿಮ್ಮನ್ನು ಆಟೋದಲ್ಲಿ ಕೂರಿಸಿ, ಚೀಟಿ ಮರೆತೆ ಅಂತ ನಾನು ಮತ್ತೆ ಒಳಗೆ ಹೋಗಿದ್ದೆನಲ್ಲ. ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಡಾಕ್ಟರು ಒಬ್ಬರೇ ಬನ್ನಿ ಅಂದಿದ್ದರು. "ಇನ್ನು ಬಿಗಿ ಮಾಡ್ಬೇಡಿ ಕಣಮ್ಮ. ಮಾಡೋದೆಲ್ಲ ಮಾಡಿದ್ದೀರಿ. ಇರೋಷ್ಟು ದಿನ ನೆಮ್ಮದಿಯಾಗಿರ್ಲಿ. ಬಾಯಾರಿದ್ರೆ ಕುಡೀಲಿ, ಆಸೆಪಟ್ಟಿದ್ದು ಕೊಡಿ" ಅಂದರು. ಅದನ್ನು ನಿಮಗೆ ಹೇಳಲಿಲ್ಲ. ನಿಮ್ಮ ಮಗನಿಗೂ ಹೇಳಲಿಲ್ಲ. ಇಷ್ಟು ದಿನ ಊರ ಬಾಯಿಗೆ ಬಿದ್ದು ಕಾದುಕೊಂಡದ್ದನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟರೆ ನೀವು ಗೆದ್ದ ಹಾಗಾಗುತ್ತದೆ, ಗೌರಮ್ಮ ಗೆದ್ದ ಹಾಗಾಗುತ್ತದೆ ಅನ್ನಿಸಿತು. ಆಮೇಲೆ ನೀವು ಇದ್ದದ್ದು ಹತ್ತೊಂಬತ್ತು ದಿನ. ಅಷ್ಟೂ ದಿನ ಮೊದಲಿನ ಹಾಗೇ ಲೋಟದಲ್ಲಿ ಅಳೆದೇ ಕೊಟ್ಟೆ. "ಇನ್ನೊಂದು ಗುಟುಕು ಕೊಡೇ" ಅಂದಿರಿ. "ಡಾಕ್ಟರು ಬೇಡ ಅಂದಿದ್ದಾರೆ" ಅಂದೆ.

ನಿನ್ನೆ ಗೌರಮ್ಮ ಬಾಗಿಲ ಹತ್ತಿರ ನಿಂತು ಮತ್ತೆ ಅದನ್ನೇ ಅಂದಳು. ಅವಳಿಗೆ ಸರಿಯಾಗಿ ಉಗಿಯಬೇಕು ಅಂತ ಬಾಯಿ ತೆರೆದವಳು, ನೀವು ಕೇಳಿದ ಆ ಗುಟುಕು ನೆನಪಾಗಿ ಒಳಗೆ ಬಂದುಬಿಟ್ಟೆ. ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ಅತ್ತೆ. ಕ್ಷಮೆ ಕೇಳುವಷ್ಟು ದೊಡ್ಡವಳೂ ಅಲ್ಲ ನಾನು. ಇವತ್ತು ನಿಮ್ಮ ಮಗ ಮಂಡಿಯಿಂದ ಬಂದ ಮೇಲೆ, ಆ ಹತ್ತೊಂಬತ್ತು ದಿನ ನಿಮಗೆ ನೀರು ಬೇಡ ಅಂದವಳು ನಾನೇ ಅಂತ ಹೇಳುತ್ತೇನೆ.

ನಿಮ್ಮ ಸೊಸೆ