ಸಾಯುವ ಮೃಗದ ಕೂಗು

ಮಾರ್ಚ್ ೧೨

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿಯವನು ಇವತ್ತು ನಾಳೆ ಅಂತ ಸತಾಯಿಸಿದ. ಅದು ನೆಪ ಬಿಡು. "ಅಪ್ಪನಿಗೆ ಯಾಕೆ ಅಡ್ಡಗಾಲು ಹಾಕ್ತೀಯ?" ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಎರಡು ಸಲ ಬರೆದು ಹರಿದು ಹಾಕಿದೆ.

ಆದದ್ದು ಇಷ್ಟು. ನಿಮ್ಮಪ್ಪ ಧ್ವನಿಮುದ್ರಣ ಮಾಡಿದ ಆ ಹಳೆಯ ದೈತ್ಯಮೃಗದ ಸಿನಿಮಾವನ್ನು ಹೊಸದಾಗಿ ತೆಗೆಯುತ್ತಿದ್ದಾರೆ. ಮೃಗವನ್ನು ಕಂಪ್ಯೂಟರಿನಲ್ಲೇ ಮಾಡುತ್ತಾರಂತೆ. ಅಂದು ರಬ್ಬರ್ ವೇಷದೊಳಗೆ ನಿಂತು ಬೆವರುತ್ತಿದ್ದ ಪೈಲ್ವಾನನಿಗೆ ಈಗ ಕೆಲಸವಿಲ್ಲ. ಕೂಗು ಮಾತ್ರ ಹಳೆಯದೇ ಬೇಕಂತೆ. ಬಂದರಿನಲ್ಲಿ ಮೃಗ ಬಿದ್ದು ಸಾಯುವಾಗ ಕೂಗುತ್ತದಲ್ಲ, ಅದು. ನೀನು ಹುಟ್ಟುವ ಮೊದಲೇ ಜ್ವರದಲ್ಲಿ ಹೋದ ನಿನ್ನ ಅಣ್ಣ ಗುಂಡನ ಅಳುವನ್ನು, ಟೇಪು ನಿಧಾನಕ್ಕೆ ಓಡಿಸಿ, ನಿಮ್ಮಪ್ಪ ಮೃಗದ ಕೂಗು ಮಾಡಿದ್ದು ನಿನಗೆ ಗೊತ್ತೇ ಇದೆ. ನೆಂಟರಿಗೆಲ್ಲ ಅವರು ಹೇಳಿಕೊಂಡು ತಿರುಗುವುದೂ ಅದನ್ನೇ.

ಹೋದ ತಿಂಗಳ ಕೊನೆಗೆ ನಿರ್ದೇಶಕಿ ಮನೆಗೇ ಬಂದಿದ್ದಳು. ನಿನ್ನ ವಾರಿಗೆಯವಳು. ನಿಮ್ಮಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದರು. ಅಸಲಿ ಟೇಪು ಇರುವುದು ನನ್ನ ಬೀರುವಿನಲ್ಲಿ, ಕೀಲಿ ನನ್ನ ಹತ್ತಿರ. ನಾನು ಕೊಡಲ್ಲ ಅಂದೆ. ಅವಳೇನೂ ಮುಖ ಸಿಂಡರಿಸಲಿಲ್ಲ. "ಯೋಚನೆ ಮಾಡಿ ಆಂಟಿ. ಒಂದು ತಿಂಗಳೊಳಗೆ ಆಗದಿದ್ರೆ ಬೇರೆ ಕೂಗು ಹಾಕ್ತೀವಿ" ಅಂದು ಕಾಫಿ ಕುಡಿದು ಹೋದಳು.

ಅವತ್ತಿನಿಂದ ನಿಮ್ಮಪ್ಪ ಮುಖ ಗಂಟು ಹಾಕಿಕೊಂಡಿದ್ದರು. "ನಾನು ಹೋದ್ಮೇಲೆ ಉಳಿಯೋದು ಅದೊಂದೇ ಕಣೇ" ಅಂದರು. ಪಾಪ ಅನ್ನಿಸಿತು, ಸಿಟ್ಟೂ ಬಂತು. ನಿನ್ನೆ ನಾನೇ ನಿರ್ದೇಶಕಿಗೆ ಫೋನ್ ಮಾಡಿ, ಒಂದು ಷರತ್ತು ಹಾಕಿ ಒಪ್ಪಿದೆ. ಅವಳೂ ಒಪ್ಪಿದಳು. ನಿಮ್ಮಪ್ಪ ಬೆಳಿಗ್ಗೆಯಿಂದ ಶಿಳ್ಳೆ ಹಾಕುತ್ತಾ ಓಡಾಡುತ್ತಿದ್ದಾರೆ.

ಅಳಿಯಂದಿರ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡಿ ಅನ್ನು. ಮಕ್ಕಳಿಗೆ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಷರತ್ತು ಏನು ಅಂತ ನೀನು ಕೇಳಿಯೇ ಕೇಳುತ್ತೀಯ. ಗುಂಡ ಹೋದ ಸಂಕಟಕ್ಕೆ ನಾನು ಬೇಡ ಅನ್ನುತ್ತಿದ್ದೇನೆ ಅಂತ ನೀನು ಬರೆದಿದ್ದೆ. ಅದಲ್ಲ ಪುಟ್ಟಿ. ಟೇಪು ಮಾಡಿದ ದಿನ ಅವನು ಅತ್ತಿದ್ದು ಹಸಿವಿಗೆ. ನಿಮ್ಮಪ್ಪ ಅವನನ್ನು ಕೋಣೆಯೊಳಗೆ ಮಲಗಿಸಿಕೊಂಡು ಚಿಲಕ ಹಾಕಿದ್ದರು. ನಾನು ಬಾಗಿಲ ಹೊರಗೆ ನಿಂತಿದ್ದೆ, ಎದೆಹಾಲು ಸೋರಿ ಬಟ್ಟೆ ಒದ್ದೆಯಾಗಿತ್ತು. "ಇನ್ನೊಂಚೂರು ಅಳ್ಲಿ, ಈಗ ಚೆನ್ನಾಗಿ ಬರ್ತಿದೆ" ಅಂತ ನಿಮ್ಮಪ್ಪ ಬಾಗಿಲ ಸಂದಿಯಿಂದ ಪಿಸುಗುಟ್ಟಿ ಮತ್ತೆ ಚಿಲಕ ಹಾಕಿಕೊಂಡರು. ಈಗ ಕೇಳಿದರೆ, ಹಾಗೇನೂ ಇಲ್ಲ, ನೀನು ಮನೆಯಲ್ಲೇ ಇರಲಿಲ್ಲ ಅನ್ನುತ್ತಾರೆ. ಕೊನೆಗೆ ಬಾಗಿಲು ಗುದ್ದಿ ತೆಗೆಸಿ ಎತ್ತಿಕೊಂಡೆ. ಅಳು ನಿಂತಿತು. ಅಸಲಿ ಟೇಪಿನಲ್ಲಿ ಅದೂ ಇದೆ. ಸಿನಿಮಾಕ್ಕೆ ಹಾಕುವಾಗ ಮಾತ್ರ ನಿಮ್ಮಪ್ಪ ನಾನು ಬರುವುದಕ್ಕೆ ಮುಂಚೆಯೇ ಕತ್ತರಿಸಿ, ಅಳುವನ್ನೇ ಮತ್ತೆ ಮತ್ತೆ ಜೋಡಿಸಿದರು. ಇಷ್ಟು ವರ್ಷದಿಂದ ಅಲ್ಲಿ ಅವನು ಕೂಗುತ್ತಲೇ ಇದ್ದಾನೆ, ನಾನು ಹೋಗಿಯೇ ಇಲ್ಲ. ಈ ಸಲ ಕತ್ತರಿಸಬೇಡಿ, ನಾನು ಎತ್ತಿಕೊಳ್ಳುವವರೆಗೂ ಬಿಡಿ ಅಂದೆ.